ಬಾಗಿಲಿಗಿಟ್ಟ ರುಬ್ಬುಗುಂಡು

ಸಿಡ್ನಿಯ ಕ್ವೇಕರ್ಸ್ ಹಿಲ್‌ನ ನಮ್ಮ ಮನೆಯಲ್ಲಿ ಬಟ್ಟೆ ಒಗೆಯುವ ಕೋಣೆಯಿಂದ ಹಿತ್ತಲಿಗೆ ಹೋಗುವ ಬಾಗಿಲಿಗೆ ಒಂದು ಕೆಟ್ಟ ಚಾಳಿ ಇದೆ. ಸ್ವಲ್ಪ ಗಾಳಿ ಬೀಸಿದರೂ ಸಾಕು, ಮನೆಯವರ ಮೇಲೆ ಸಿಟ್ಟು ಮಾಡಿಕೊಂಡಂತೆ ದಡಾರನೆ ಬಡಿದುಕೊಳ್ಳುತ್ತದೆ. ಇಲ್ಲಿಯ ಅಂಗಡಿಗಳಲ್ಲಿ ಬಾಗಿಲು ತಡೆಯುವುದಕ್ಕೆಂದೇ ರಬ್ಬರಿನ ಬೆಣೆ, ಮರಳು ತುಂಬಿದ ಬಟ್ಟೆಯ ನಾಯಿ, ಹಿತ್ತಾಳೆಯ ಬಾತುಕೋಳಿ ಎಲ್ಲ ಸಿಗುತ್ತವೆ. ನಮ್ಮಲ್ಲಿ ಮಾತ್ರ ಆ ಕೆಲಸಕ್ಕೆ ಕರಿಕಲ್ಲಿನ ಒಂದು ರುಬ್ಬುಗುಂಡು ಇದೆ. ರುಬ್ಬುವ ಕಲ್ಲು ಇಲ್ಲ, ಗುಂಡು ಮಾತ್ರ. ಮನೆಗೆ ಬಂದ ಸ್ನೇಹಿತರು ಅದನ್ನು ಎಡವಿ, ಹೆಬ್ಬೆರಳು ಹಿಡಿದುಕೊಂಡು, ಇದೇಕೆ ಇಲ್ಲಿದೆ ಎಂದು ಕೇಳುತ್ತಾರೆ. ಅದೊಂದು ದೊಡ್ಡ ಕಥೆ, ಮೊದಲು ಕಾಫಿ ಕುಡಿಯಿರಿ ಎನ್ನುತ್ತೇನೆ. ನಿಮಗೆ ಕಾಫಿ ಕೊಡಲಾರೆ, ಕಥೆಯನ್ನಾದರೂ ಹೇಳುತ್ತೇನೆ.

ಗುಂಡು ನಮ್ಮಜ್ಜನದು, ಅಂದರೆ ನನ್ನ ಅಮ್ಮನ ಅಪ್ಪನದು. ಅವರು ಬೊಂಬಾಯಿಯ ಒಂದು ಉಡುಪಿ ಹೋಟೆಲಿನಲ್ಲಿ ಅಡುಗೆ ಭಟ್ಟರಾಗಿದ್ದವರು. ಐವತ್ತರ ದಶಕದಲ್ಲಿ ಆ ಹೋಟೆಲಿನ ಧಣಿಗೆ, ಆಸ್ಟ್ರೇಲಿಯಾದಲ್ಲಿ ನಡೆಯುವ, ಭವಿಷ್ಯದ ಪ್ರಪಂಚವನ್ನು ತೋರಿಸುವ ಒಂದು ಜಾಗತಿಕ ಪ್ರದರ್ಶನದಲ್ಲಿ ಭಾರತದ ಮಂಟಪದ ಪಕ್ಕ ತಿಂಡಿಯ ಅಂಗಡಿ ಇಡುವ ಅವಕಾಶ ಸಿಕ್ಕಿತಂತೆ. ಧಣಿ ಅಜ್ಜನನ್ನೂ ರುಬ್ಬುವ ಕಲ್ಲನ್ನೂ ಹಡಗು ಹತ್ತಿಸಿದರಂತೆ. ಬಿಳಿಯರು ದೋಸೆಯನ್ನು ಅರ್ಧಕ್ಕೆ ಬಿಟ್ಟು ಚಟ್ನಿಯನ್ನು ಮಾತ್ರ ಚಮಚದಲ್ಲಿ ತಿಂದರಂತೆ. ಪ್ರದರ್ಶನ ಮುಗಿದ ದಿನ ಹಡಗಿನವರು ಕಲ್ಲು ಹೇರಲು ಒಪ್ಪಲಿಲ್ಲವಾದ್ದರಿಂದ ಅಜ್ಜ ಗುಂಡನ್ನು ಮಾತ್ರ ಹೊತ್ತು ತಂದರು. ಇದರ ಹಿಂದೆ ಅವರದೇ ಒಂದು ತರ್ಕವಿತ್ತು. 'ಚಟ್ನಿ ಕಲ್ಲಿನ ಗುಂಡು ನನ್ನ ಹತ್ತಿರ ಇದ್ರೆ ಅವರು ನನ್ನನ್ನು ಪುನಃ ಕರೀಲೇಬೇಕಲ್ಲ' ಎನ್ನುತ್ತಿದ್ದರು. ಯಾರೂ ಕರೆಯಲಿಲ್ಲ.

ಆ ಕಾಲದಲ್ಲಿ ಊರಿನಿಂದ ಹೊರದೇಶಕ್ಕೆ ಹೋದವರು ಕೈಗಡಿಯಾರ ತಂದರು, ರೇಡಿಯೋ ತಂದರು, ಸೆಂಟಿನ ಬಾಟಲಿ ತಂದರು. ನಮ್ಮಜ್ಜ ಹೊರದೇಶದಿಂದ ಕಲ್ಲು ತಂದರು, ಅದೂ ಇಲ್ಲಿಂದಲೇ ಹೋದ ಕಲ್ಲು. ಜನ ನಗದೆ ಇರುತ್ತಾರೆಯೇ? ಅದಕ್ಕೆ ತಕ್ಕಂತೆ ಅಜ್ಜ ಅಲ್ಲಿ ಕಂಡದ್ದನ್ನೆಲ್ಲ ವರ್ಣಿಸುತ್ತಿದ್ದರು. ಮಗುಚಿಟ್ಟ ಬಾಣಲೆಯಂಥ ಒಂದು ಕಟ್ಟಡವಿತ್ತು, ಅದರ ಹೊಟ್ಟೆಯೊಳಗೆ ಒಂದು ಊರೇ ಕೂರಬಹುದಿತ್ತು. ಒಂದೇ ಕಂಬಿಯ ಮೇಲೆ ರೈಲು ಓಡುತ್ತಿತ್ತು. ಮರದ ಮೇಲಿನ ಹಕ್ಕಿಗಳು ಮನುಷ್ಯರ ಹಾಗೆ ನಗುತ್ತಿದ್ದವು. ಹಕ್ಕಿಯ ಮಾತು ಬಂದ ಕೂಡಲೇ ಕೇಳುವವರೂ ನಗುತ್ತಿದ್ದರು.

ನಮ್ಮ ಬಳಗದಲ್ಲಿ ಬೇಗನೆ ಒಂದು ಬೊಂಬಾಯಿ ಪಕ್ಷ ಹುಟ್ಟಿಕೊಂಡಿತು. ಅಜ್ಜ ಹಡಗು ಹತ್ತಲೇ ಇಲ್ಲ, ಧಣಿಯ ಜೊತೆ ಜಗಳವಾಡಿ ಬೊಂಬಾಯಿಯ ಬೇರೊಂದು ಹೋಟೆಲಿನಲ್ಲಿ ಕೆಲವು ತಿಂಗಳು ಅಡಗಿದ್ದರು, ಬರುವಾಗ ಅಲ್ಲಿಯ ಗುಂಡು ತಂದರು ಎಂಬುದು ಪಕ್ಷದ ಸಿದ್ಧಾಂತ. ನಾನು ಬೆಳೆದ ಮೇಲೆ ಅದರ ಅಧ್ಯಕ್ಷನಾದೆ. ಅದಕ್ಕೆ ನನಗೆ ಅರ್ಹತೆಯೂ ಇತ್ತು. ನಾನು ಸಿಡ್ನಿಯ ಒಂದು ಇನ್ಶೂರೆನ್ಸ್ ಕಂಪನಿಯಲ್ಲಿ ಕ್ಲೇಮುಗಳನ್ನು ಪರೀಕ್ಷಿಸುವವನು. ಜನ ಹೇಳಿದ್ದನ್ನು ನಂಬದಿರುವುದಕ್ಕೇ ನನಗೆ ಸಂಬಳ. ಆಸ್ಟ್ರೇಲಿಯಾಕ್ಕೆ ಬಂದ ಹೊಸದರಲ್ಲಿ ಕೂಕಬುರ್‍ರಾ ಹಕ್ಕಿ ಬೆಳಗ್ಗೆ ಬೇಲಿಯ ಮೇಲೆ ಕೂತು ಗಹಗಹಿಸಿ ನಕ್ಕಾಗ ಒಂದು ಕ್ಷಣ ಅಜ್ಜನನ್ನು ನಂಬಿಬಿಟ್ಟದ್ದು ನಿಜ. ಆಮೇಲೆ, ಯಾವನೋ ಹಡಗಿನ ಕಲಾಸಿ ಬೊಂಬಾಯಿಯಲ್ಲಿ ತಿಂಡಿ ತಿನ್ನುತ್ತ ಹೇಳಿರಬೇಕು ಎಂದು ಕ್ಲೇಮು ತಿರಸ್ಕರಿಸಿದೆ. ನನ್ನ ಕೈಯಲ್ಲಿದ್ದ ಅತಿ ದೊಡ್ಡ ಸಾಕ್ಷ್ಯವೆಂದರೆ ಆ ಗುಂಡೇ. ಎರಡು ಕೈಯಲ್ಲಿ ಅಪ್ಪಿ ಎತ್ತಬೇಕಾದ ಅಂಥ ಗುಂಡಿನಲ್ಲಿ ಯಾರಾದರೂ ಚಟ್ನಿ ರುಬ್ಬುತ್ತಾರೆಯೇ?

ಇಷ್ಟೆಲ್ಲ ಹೇಳಿ ಅಜ್ಜನ ಇನ್ನೊಂದು ಖ್ಯಾತಿಯನ್ನು ಬಿಟ್ಟರೆ ಅನ್ಯಾಯವಾಗುತ್ತದೆ. ಅಜ್ಜ ಮದುವೆ ಮುಂಜಿಗಳಿಗೆ ಹೋದರೆ ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ಬರುತ್ತಿದ್ದರು. ಕದಿಯುವ ಬುದ್ಧಿಯಲ್ಲ, ಹೊರಡುವ ಅವಸರದಲ್ಲಿ ಕಾಲಿಗೆ ಸಿಕ್ಕಿದ್ದೇ ಅವರದು. ಒಮ್ಮೆ ಎರಡೂ ಎಡಗಾಲಿನ ಚಪ್ಪಲಿ ಹಾಕಿಕೊಂಡು ಊರಿಡೀ ನಡೆದು ಬಂದು, 'ಇವತ್ತು ರಸ್ತೆ ಯಾಕೋ ಒಂದು ಬದಿಗೆ ಎಳೀತದೆ' ಎಂದಿದ್ದರು. ಅಜ್ಜಿ ಆ ಚಪ್ಪಲಿಗಳನ್ನು ನನ್ನ ಕೈಗೆ ಕೊಟ್ಟು, ಬದಲಾಯಿಸಿ ಬಾ ಎಂದು ಅಟ್ಟುತ್ತಿದ್ದರು. ರಜೆಗೆ ಅಜ್ಜನ ಮನೆಗೆ ಹೋದಾಗಲೆಲ್ಲ ನನಗೆ ಇದೇ ಉದ್ಯೋಗ. ಮದುವೆ ಮನೆಯವರು ನನ್ನ ಕೈಯಲ್ಲಿದ್ದ ಚಪ್ಪಲಿ ನೋಡಿದ ಕೂಡಲೇ, 'ಓ, ಭಟ್ಟರ ಮೊಮ್ಮಗನಾ' ಎನ್ನುತ್ತಿದ್ದರು. ನಾಚಿಕೆಯಿಂದ ನೆಲ ಸೇರುವಂತಾಗುತ್ತಿತ್ತು. ಅದರ ಫಲವೋ ಏನೋ, ಚಪ್ಪಲಿಯ ವಿಷಯದಲ್ಲಿ ನಾನು ಬಹಳ ಜಾಗರೂಕ. ದೇವಸ್ಥಾನಕ್ಕೆ ಹೋದರೆ ರಾಶಿಯಿಂದ ದೂರ, ಒಂದು ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ ಬಿಡುತ್ತೇನೆ.

ಅಜ್ಜನ ಕಥೆಯನ್ನು ಕೊನೆಯವರೆಗೂ ನಂಬಿದವರು ಅವರ ಹಿರಿಯ ಮಗಳು, ನನ್ನ ದೊಡ್ಡಮ್ಮ. ಶಾಲೆಯಲ್ಲಿ ನಗುವ ಹಕ್ಕಿಯ ಕಥೆ ಹೇಳಿ ಗೇಲಿಗೆ ಗುರಿಯಾದವರು ಅವರು. ಮದುವೆಯಾದ ಮೇಲೆ ಅವರತ್ತೆ ಬಂದವರೆದುರು, 'ನಮ್ಮ ಸೊಸೆ ಫಾರಿನ್‌ನವರ ಮಗಳು' ಎಂದು ಪರಿಚಯಿಸಿ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರಂತೆ. ಅಜ್ಜ ಹೋದ ಮೇಲೆ ಗುಂಡು ದೊಡ್ಡಮ್ಮನ ಪಾಲಿಗೆ ಬಂತು. ಬೇರೆ ಯಾರೂ ಅದನ್ನು ಕೇಳಿರಲಿಲ್ಲ.

ಹೋದ ವರ್ಷ ದೊಡ್ಡಮ್ಮನ ಮಗ ರಾಘು ವಾಟ್ಸ್ಯಾಪಿನಲ್ಲಿ ಒಂದು ಫೋಟೋ ಹಾಕಿದ. ಅವನಿರುವುದು ಮೆಲ್ಬರ್ನ್‌ನಲ್ಲಿ. ವೀಕೆಂಡಿನಲ್ಲಿ ಸುತ್ತಾಡಲು ಹೋದಾಗ, ಊರಿಂದ ಬಹಳ ದೂರ, ಕುರಿ ಮೇಯುವ ಬಯಲಿನ ನಡುವೆ ಹಾಳುಬಿದ್ದ ಒಂದು ಗುಮ್ಮಟ ಕಂಡಿತಂತೆ. ಆ ದಿನವೇ ದೊಡ್ಡಮ್ಮನ ಫೋನು ಬಂತು.

'ಮಾಣಿ, ಫೋಟೋ ನೋಡಿದ್ಯಾ?' ನಾನು ಐವತ್ತು ದಾಟಿದ್ದರೂ ಅವರಿಗೆ ಇನ್ನೂ ಮಾಣಿಯೇ.

'ನೋಡಿದೆ ದೊಡ್ಡಮ್ಮ. ಅಂಥ ಗುಮ್ಮಟ ಪ್ರಪಂಚದಲ್ಲಿ ಎಷ್ಟೋ ಇರ್ತವೆ.'

'ಪ್ರಪಂಚದ್ದು ನನಗೆ ಬೇಡ. ಅದು ಅಪ್ಪಯ್ಯ ಹೇಳಿದ ಬಾಣಲೆ. ನಾನು ಬರ್ತೇನೆ. ಸಿಡ್ನಿಗೇ ಬರ್ತೇನೆ, ನೀನೇ ಕರ್ಕೊಂಡು ಹೋಗ್ಬೇಕು.'

'ಮೆಲ್ಬರ್ನ್‌ನಲ್ಲಿ ರಾಘು ಇದ್ದಾನಲ್ಲ?'

'ರಾಘು ನಂಬ್ತಾನೆ. ನಂಬುವವನಿಗೆ ತೋರಿಸಿ ಎಂತ ಮಾಡ್ಲಿಕ್ಕುಂಟು?'

ಅವರೇ ಮುಂದುವರಿಸಿದರು. 'ಕಲ್ಲು ಅಲ್ಲೇ ಉಂಟು ಅಂತ ಅಪ್ಪಯ್ಯ ಹೇಳಿದ್ದಾರೆ. ಗುಂಡು ನಾನು ತರ್ತೇನೆ. ಕೂತ್ರೆ ಕೂತಿತು. ಕೂರದಿದ್ರೆ ನೀವೆಲ್ಲ ಹೇಳಿದ್ದೇ ಸರಿ. ಮತ್ತೆ ನಾನು ಈ ವಿಷಯದಲ್ಲಿ ಬಾಯಿ ತೆರೆಯುವುದಿಲ್ಲ.'

ಹಾಗೆ ಅಜ್ಜನ ಗುಂಡು ವಿಮಾನ ಹತ್ತಿತು. ಸಿಡ್ನಿ ಏರ್‌ಪೋರ್ಟಿನಲ್ಲಿ ಹೊರಗಿನಿಂದ ಬಂದ ಮಣ್ಣು, ಬೀಜ, ಹುಳಗಳನ್ನು ಪತ್ತೆ ಹಚ್ಚುವ ಅಧಿಕಾರಿಗಳ ಮೇಜಿನ ಮೇಲೆ ಅದಕ್ಕೆ ಭರ್ಜರಿ ವಿಚಾರಣೆ ನಡೆಯಿತಂತೆ. ಇದೇನು ಎಂದು ಅಧಿಕಾರಿ ಕೇಳಿದರೆ ದೊಡ್ಡಮ್ಮ, 'ಕಿಚನ್. ಫಾದರ್. ಓಲ್ಡ್ ಆಸ್ಟ್ರೇಲಿಯಾ' ಎಂದಿದ್ದಾರೆ. ಆತ ಗುಂಡನ್ನು ಭೂತಗನ್ನಡಿಯಲ್ಲಿ ನೋಡಿ, ಬ್ರಶ್ಶಿನಿಂದ ಉಜ್ಜಿ, ತೊಳೆದು, ಒರೆಸಿ ಕೊಟ್ಟ. 'ಒಳ್ಳೆಯ ಹುಡುಗ, ಅಭಿಷೇಕವೇ ಮಾಡಿದ' ಎನ್ನುತ್ತ ದೊಡ್ಡಮ್ಮ ಹೊರಗೆ ಬಂದರು.

ರಾಘುವಿನ ಹೊಸ ಮನೆಯ ಒಕ್ಕಲು, ಅಂದರೆ ಗೃಹಪ್ರವೇಶ, ಹತ್ತಿರವಿತ್ತು. ನನ್ನ ಹೆಂಡತಿ ಆಫೀಸು ಮುಗಿಸಿ ವಿಮಾನದಲ್ಲಿ ಬರುವುದೆಂದೂ ದೊಡ್ಡಮ್ಮ ಮತ್ತು ನಾನು ಕಾರಿನಲ್ಲಿ ಹೋಗುವುದೆಂದೂ ತೀರ್ಮಾನವಾಯಿತು. ನಮ್ಮ ದೇಶದವರ ಅಂಗಡಿಗಳಿರುವ ಹ್ಯಾರಿಸ್ ಪಾರ್ಕಿನಿಂದ ತಂದ ಪೂಜಾ ಸಾಮಾನು ಡಿಕ್ಕಿ ತುಂಬಿದ್ದರಿಂದ ಗುಂಡನ್ನು ಹಿಂದಿನ ಸೀಟಿನ ಮೇಲೆ ಇಟ್ಟೆ. ಕಾರು ಹೊರಟದ್ದೇ ತಡ, ಕುಂಯ್ ಕುಂಯ್ ಎಂದು ಕೂಗತೊಡಗಿತು. ಯಾರೋ ಬೆಲ್ಟ್ ಹಾಕದೆ ಕೂತಿದ್ದಾರೆ ಎಂದು ಅದರ ಎಣಿಕೆ. ಮುಂದೆ ಹೋಗಿ ನಿಲ್ಲಿಸಿ ಗುಂಡಿಗೆ ಸೀಟ್ ಬೆಲ್ಟ್ ಬಿಗಿದೆ. ಸದ್ದು ನಿಂತಿತು.

'ಕಾರಿಗೂ ಗೊತ್ತಾಯ್ತು, ಹಿಂದೆ ಒಬ್ಬರು ಕೂತಿದ್ದಾರೆ ಅಂತ. ನಿನಗೆ ಮಾತ್ರ ಗೊತ್ತಾಗುವುದಿಲ್ಲ' ಎಂದರು ದೊಡ್ಡಮ್ಮ.

ಮೆಲ್ಬರ್ನ್ ಕಡೆಗೆ ಹೋಗುವ ಹ್ಯೂಮ್ ಹೈವೇಯ ಉದ್ದಕ್ಕೂ ಅವರು ಅವಲಕ್ಕಿ ತಿನ್ನುತ್ತ, ತಿನ್ನಿಸುತ್ತ ಬಂದರು. ನಾನು ಮಾತ್ರ, ಕಲ್ಲು ಸಿಗದಿದ್ದರೆ ಇವರನ್ನು ಹೇಗೆ ಸಮಾಧಾನ ಮಾಡುವುದು ಎಂದು ದಾರಿಯಿಡೀ ವಾಕ್ಯಗಳನ್ನು ಜೋಡಿಸುತ್ತಿದ್ದೆ. ರಾತ್ರಿ ದಾರಿಯ ಒಂದು ಮೋಟೆಲಿನಲ್ಲಿ ಉಳಿದು ಮರುದಿನ ಬೆಳಗ್ಗೆ ಆ ಬಯಲು ತಲುಪಿದೆವು.

ಬಯಲಿನ ಒಡತಿ ಮಾರ್ಗರೆಟ್ ಎಂಬ ಹೆಂಗಸು. ವಯಸ್ಸಿನಲ್ಲಿ ದೊಡ್ಡಮ್ಮನ ಓರಗೆಯವರು. ಪ್ರದರ್ಶನ ನಷ್ಟದಲ್ಲಿ ಮುಚ್ಚಿದಾಗ ಅವರ ಮಾವ ಆ ಜಾಗವನ್ನು, ಅದರ ಮೇಲಿದ್ದ ಭವಿಷ್ಯದ ಸಮೇತ, ಕುರಿಗಳಿಗಾಗಿ ಕೊಂಡಿದ್ದರಂತೆ. ನಾನು ಮೊದಲೇ ಫೋನು ಮಾಡಿದ್ದರಿಂದ ಗೇಟಿನ ಬಳಿ ಕೀಲಿ ಹಿಡಿದು ಕಾಯುತ್ತಿದ್ದರು. ಒಳಗೆ ಹೋದರೆ, ನಿಜ ಹೇಳಬೇಕು, ಮಗುಚಿಟ್ಟ ಬಾಣಲೆಯೇ. ಗಾರೆ ಉದುರಿ ಕಂಬಿಗಳು ಹೊರಬಂದಿದ್ದವು. ಒಳಗೆ ಒಂದು ಊರಿನಷ್ಟು ಕುರಿಗಳು ನೆರಳಿಗೆ ಮಲಗಿದ್ದವು. ಅದರಾಚೆ ಸಿಮೆಂಟಿನ ಕಂಬಗಳ ಒಂದು ಸಾಲು, ಅವುಗಳ ಮೇಲೆ ಒಂದೇ ಒಂದು ಕಂಬಿ. ಅದು ಸ್ವಲ್ಪ ದೂರ ಹೋಗಿ ಆಕಾಶದಲ್ಲೇ ಮುಗಿದುಹೋಗಿತ್ತು. ದಾರಿಯಲ್ಲಿ ತುಕ್ಕು ಹಿಡಿದ ಒಂದು ಬೋರ್ಡು. 'ಭವಿಷ್ಯಕ್ಕೆ ದಾರಿ' ಎಂದು ಇಂಗ್ಲಿಷಿನಲ್ಲಿ ಬರೆದು ಬಾಣ ಹಾಕಿದ್ದರು. ಬಾಣ ತೋರಿಸಿದ ಕಡೆ ತಗಡಿನ ಪಾಯಿಖಾನೆ ಇತ್ತು.

ದೊಡ್ಡಮ್ಮ ಚಪ್ಪಲಿ ಕಳಚಿ ಗುಮ್ಮಟಕ್ಕೆ ಪ್ರದಕ್ಷಿಣೆ ಹೊರಟರು. ಕುರಿಗಳು ಎದ್ದು ಅವರ ಹಿಂದೆ ಹೊರಟವು. ನಾನು ಕ್ಲೇಮು ನೋಡುವವನ ಗತ್ತಿನಲ್ಲಿ, 'ದೊಡ್ಡಮ್ಮ, ಕಟ್ಟಡ ಪೇಪರಿನಲ್ಲಿಯೂ ಬಂದಿರಬಹುದು' ಎಂದೆ. ಅವರು ಕೇಳಿಸಿಕೊಳ್ಳಲಿಲ್ಲ. ಮಾರ್ಗರೆಟ್‌ಗೆ ಅಚ್ಚ ಕನ್ನಡದಲ್ಲಿ, 'ಕಲ್ಲು, ಕಡೆಯುವ ಕಲ್ಲು' ಎಂದು ಹೇಳಿ ಎರಡೂ ಕೈಗಳನ್ನು ಗರಗರ ತಿರುಗಿಸಿ ತೋರಿಸಿದರು. ಮಾರ್ಗರೆಟ್ ಸ್ವಲ್ಪ ಯೋಚಿಸಿ, ಬನ್ನಿ ಎಂದು ತಮ್ಮ ಮನೆಯ ಅಂಗಳಕ್ಕೆ ಕರೆದುಕೊಂಡು ಹೋದರು.

ಅಂಗಳದ ಗುಲಾಬಿ ಗಿಡಗಳ ನಡುವೆ ರುಬ್ಬುವ ಕಲ್ಲು ಕೂತಿತ್ತು. ಅದರ ಗುಳಿಯಲ್ಲಿ ನೀರು ತುಂಬಿತ್ತು, ನೀರಿನಲ್ಲಿ ಒಂದು ಪುಟ್ಟ ಹಕ್ಕಿ ಸ್ನಾನ ಮಾಡುತ್ತಿತ್ತು. ದೊಡ್ಡಮ್ಮ ಕಾರಿನ ಕಡೆ ಕೈ ತೋರಿಸಿದರು. ನಾನು ಕಾರಿಗೆ ಓಡಿ, ಬೆಲ್ಟ್ ಬಿಚ್ಚಿ, ಗುಂಡನ್ನು ಅಪ್ಪಿಕೊಂಡು ಬಂದೆ. ಹಕ್ಕಿ ಹಾರಿತು. ನೀರು ಚೆಲ್ಲಿ ಗುಂಡನ್ನು ಮೆಲ್ಲಗೆ ಗುಳಿಗೆ ಇಳಿಸಿದೆ.

ಅದು ಇಳಿಯಲಿಲ್ಲ. ಲೋಟದ ಬಾಯಿಯ ಮೇಲೆ ತೆಂಗಿನಕಾಯಿ ಇಟ್ಟ ಹಾಗೆ ಅಂಚಿನ ಮೇಲೆಯೇ ನಿಂತಿತು. ಹೀಗೆ ತಿರುಗಿಸಿದೆ, ಹಾಗೆ ತಿರುಗಿಸಿದೆ, ತಲೆಕೆಳಗು ಮಾಡಿದೆ. ಗುಳಿ ಚಿಕ್ಕದು, ಗುಂಡು ದೊಡ್ಡದು.

'ಸಾಕು ಮಾಣಿ' ಎಂದರು ದೊಡ್ಡಮ್ಮ. 'ಬೊಂಬಾಯಿಯದ್ದೇ ಇರ್ಬೇಕು.'

ಇಷ್ಟು ವರ್ಷಗಳ ವಾದದಲ್ಲಿ ನಾನು ಗೆದ್ದಿದ್ದೆ. ಅಷ್ಟು ಕೆಟ್ಟ ಗೆಲುವು ನನಗೆ ಬೇರೆ ಯಾವುದೂ ನೆನಪಿಲ್ಲ. ದಾರಿಯಲ್ಲಿ ಜೋಡಿಸಿದ ವಾಕ್ಯಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಈ ಕಲ್ಲು ಬೇರೆ ಯಾರದೋ ಇರಬಹುದು ದೊಡ್ಡಮ್ಮ, ಇನ್ನೂ ಹುಡುಕೋಣ ಎಂದು ಅಧ್ಯಕ್ಷನೇ ಪಕ್ಷಾಂತರ ಮಾಡಿ ಗೋಗರೆದೆ. ಅವರು ಸೆರಗಿನಿಂದ ಗುಂಡನ್ನು ಒರೆಸುತ್ತ ನಿಂತರು. ಏನೋ ಎಡವಟ್ಟಾಗಿದೆ ಎಂದು ಮಾರ್ಗರೆಟ್‌ಗೆ ತಿಳಿದಿರಬೇಕು. ಇಲ್ಲಿಯವರು ಇಂಥ ಹೊತ್ತಿನಲ್ಲಿ ಏನು ಮಾಡುತ್ತಾರೋ ಅದನ್ನೇ ಮಾಡಿದರು. ಟೀ ಕುಡಿಯೋಣ ಬನ್ನಿ ಎಂದರು.

ಜಗಲಿಯಲ್ಲಿ ಮಾರ್ಗರೆಟ್ ಗಮ್‌ಬೂಟು ಕಳಚಿದರು, ನಾವೂ ಚಪ್ಪಲಿ ಬಿಟ್ಟೆವು. ಅಲ್ಲಿ ಗಂಡಸಿನ ಕಂದು ಬಣ್ಣದ ಒಂದು ಜೊತೆ ಸ್ಯಾಂಡಲ್ ಮೊದಲೇ ಇತ್ತು. ಅದು ತೀರಿಹೋದ ಗಂಡನದು ಎಂದು ಮಾರ್ಗರೆಟ್ ಹೇಳಿದರು. 'ಸೋಲಾರ್ ಪ್ಯಾನೆಲ್ ಮಾರುವವರು ಬರುತ್ತಾ ಇರುತ್ತಾರೆ. ಮನೆಯಲ್ಲಿ ಗಂಡಸಿದ್ದಾನೆ ಅಂದುಕೊಂಡರೆ ಬೇಗ ಹೋಗುತ್ತಾರೆ' ಎಂದರು. ನಾನು ಅಭ್ಯಾಸದಂತೆ ನನ್ನ ಸ್ಯಾಂಡಲನ್ನು ಬೇರೆಯಾಗಿ, ಗೋಡೆಗೆ ಮುಖ ಮಾಡಿ ಇಟ್ಟೆ.

ಒಳಗೆ ಕಾಲಿಡುವಾಗ ಹಿಂದಿನಿಂದ 'ಅಯ್ಯೋ' ಎಂದು ಕೇಳಿಸಿತು. ದೊಡ್ಡಮ್ಮ ಏನನ್ನೋ ಎಡವಿ ಹೆಬ್ಬೆರಳು ಹಿಡಿದುಕೊಂಡಿದ್ದರು. ಬಗ್ಗಿ ನೋಡಿದರೆ, ಬಾಗಿಲು ಬಡಿಯದ ಹಾಗೆ ಅದಕ್ಕೆ ಆನಿಸಿ, ಕರಿಕಲ್ಲಿನ ಪುಟ್ಟದೊಂದು ರುಬ್ಬುಗುಂಡು ಇಟ್ಟಿದ್ದರು.

'ಓ, ಅದಾ?' ಎಂದರು ಮಾರ್ಗರೆಟ್. 'ಡೈನೋಸಾರಿನ ಮೊಟ್ಟೆ ಅಂತ ನಮ್ಮ ಮಾವ ಮಕ್ಕಳಿಗೆ ಹೇಳುತ್ತಿದ್ದರು. ಮುರಿದ ಮಂಟಪದ ಹತ್ತಿರ ಸಿಕ್ಕಿದ್ದು. ಅಲ್ಲಿ ಗುಳಿಯಿರುವ ಇನ್ನೂ ಒಂದು ಕಲ್ಲಿತ್ತು, ಅಂಗಳದ್ದಕ್ಕಿಂತ ತುಂಬ ದೊಡ್ಡದು. ಅದನ್ನು ದೋಣಿಗೆ ಲಂಗರಾಗಿ ಕಟ್ಟಿದ್ದರು. ಹಗ್ಗ ಹರಿದು ಈಗ ಕೆರೆಯ ತಳದಲ್ಲಿದೆ.'

ನಾನು ಅನುವಾದ ಮಾಡಿ ಮುಗಿಸುವುದರೊಳಗೆ ದೊಡ್ಡಮ್ಮ ಆ ಪುಟ್ಟ ಗುಂಡನ್ನು ಎತ್ತಿಕೊಂಡು ಬರಿಗಾಲಿನಲ್ಲಿ ಅಂಗಳಕ್ಕೆ ಹೋಗಿಯಾಗಿತ್ತು. ಆ ವಯಸ್ಸಿನಲ್ಲಿ ಅವರು ಹಾಗೆ ಓಡಿದ್ದನ್ನು ನಾನು ಕಂಡಿರಲಿಲ್ಲ. ಗುಂಡು ಗುಳಿಯಲ್ಲಿ ಗುಳಕ್ಕನೆ ಕೂತಿತು. ದೊಡ್ಡಮ್ಮ ನೆಲದ ಮೇಲೆ ಕೂತರು, ಅತ್ತರು, ಆಮೇಲೆ ಅಳುತ್ತಿದ್ದಂತೆಯೇ ನಗತೊಡಗಿದರು.

'ಎರಡು ಕಲ್ಲು ಮಾಣಿ. ಹೋಟೆಲಿನವರಲ್ಲವಾ, ದೋಸೆಗೊಂದು, ಚಟ್ನಿಗೊಂದು. ಹಡಗು ಹೊರಡುವ ಗಡಿಬಿಡಿಯಲ್ಲಿ ಅಪ್ಪಯ್ಯ ಚಟ್ನಿದು ಬಿಟ್ಟು ದೋಸೆದ್ದು ಹೊತ್ತುಕೊಂಡು ಬಂದಿದ್ದಾರೆ. ಜೀವಮಾನ ಇಡೀ ಇದು ಚಟ್ನಿದು, ಚಟ್ನಿದು ಅಂತ ಹೇಳಿದ್ರು. ನಾವು ತಂದ ಗುಂಡು ಕೂತಿದ್ರೆ ಯಾರೋ ಭಟ್ಟರದ್ದು ಅಂತ ಹೇಳ್ಬಹುದಿತ್ತು. ಹೀಗೆ ಅದಲು ಬದಲು ಮಾಡಿ ಬರುವವರು ನಮ್ಮ ಅಪ್ಪಯ್ಯ ಅಲ್ಲದೆ ಇನ್ಯಾರು?'

ನನ್ನ ವೃತ್ತಿಜೀವನದಲ್ಲಿ ಇಷ್ಟು ಗಟ್ಟಿಯಾದ ಸಾಕ್ಷ್ಯವನ್ನು ನಾನು ನೋಡಿಲ್ಲ. ಗುಂಡು ಸರಿಯಾಗಿ ಕೂತಿದ್ದರೆ ನಾನು ಹತ್ತು ಪ್ರಶ್ನೆ ಹಾಕುತ್ತಿದ್ದೆ. ಅಜ್ಜನ ಸಹಿಯೇ ಅಲ್ಲಿ ಬಿದ್ದಿತ್ತು.

ಮಾರ್ಗರೆಟ್ ಟೀಯನ್ನು ಅಂಗಳಕ್ಕೇ ತಂದರು. ದೊಡ್ಡಮ್ಮನಿಗೆ ಗುಂಡನ್ನು ಒಮ್ಮೆ ತಿರುಗಿಸುವ ಆಸೆ. 'ಖಾಲಿ ಕಲ್ಲು ತಿರುಗಿಸ್ಬಾರದು' ಎಂದು ತಟ್ಟೆಯಲ್ಲಿದ್ದ ಬಿಸ್ಕತ್ತುಗಳನ್ನು ಗುಳಿಗೆ ಹಾಕಿ, ಕಾಲು ಚಾಚಿ ಕೂತು ರುಬ್ಬಿದರು. ಮಾರ್ಗರೆಟ್‌ಗೂ ಕೈ ತಿರುಗಿಸಲು ಕಲಿಸಿದರು. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಮಾತಾಡುತ್ತ ಬಿಸ್ಕತ್ತನ್ನು ನುಣ್ಣಗೆ ಮಾಡಿ ಹಕ್ಕಿಗಳಿಗೆ ಬಿಟ್ಟರು. ಪುಟ್ಟ ಗುಂಡನ್ನು ಒಯ್ಯಿರಿ ಎಂದು ಮಾರ್ಗರೆಟ್ ಒತ್ತಾಯಿಸಿದರು. ದೊಡ್ಡಮ್ಮ ಒಪ್ಪಲಿಲ್ಲ, ಕಲ್ಲೂ ಗುಂಡೂ ಜೊತೆಯಲ್ಲಿ ಇಲ್ಲೇ ಇರಲಿ ಎಂದರು. ನನ್ನ ಕಡೆ ತಿರುಗಿ, 'ದೊಡ್ಡದು ಇನ್ನು ನಿನ್ನ ಮನೆಯಲ್ಲಿರಲಿ. ಎಡವಿದಾಗಲೆಲ್ಲ ನೆನಪಾಗ್ಲಿ' ಎಂದರು.

ಮಧ್ಯಾಹ್ನ ಮೀರಿ ಹೋಗಿತ್ತು. ರಾಘು ಒಂದೇ ಸಮನೆ ಫೋನು ಮಾಡುತ್ತಿದ್ದ. ಗುಂಡನ್ನು ಕಾರಿಗೆ ಹೊತ್ತು, ಬೆಲ್ಟ್ ಬಿಗಿದು, ದೊಡ್ಡಮ್ಮನನ್ನು ಕೂರಿಸಿ, ಮಾರ್ಗರೆಟ್‌ಗೆ ಕೈಬೀಸಿ ಹೊರಟೆವು. ದಾರಿಯುದ್ದಕ್ಕೂ ನಾನು ಬಳಗದವರಿಗೆಲ್ಲ ಫೋನು ಹಚ್ಚಿ ಸುದ್ದಿ ಹೇಳಿದೆ. ಬೊಂಬಾಯಿ ಪಕ್ಷದ ಕೆಲವು ಹಿರಿಯ ಸದಸ್ಯರು, ಎರಡನೆಯ ಕಲ್ಲನ್ನು ನೀನು ಕಣ್ಣಾರೆ ನೋಡಿದ್ದೀಯಾ ಎಂದು ನನ್ನದೇ ಧಾಟಿಯಲ್ಲಿ ಕೇಳಿದರು.

ಮೆಲ್ಬರ್ನ್ ಅಂಚಿನ ಟಾರ್ನೀಟಿನಲ್ಲಿ ರಾಘುವಿನ ಮನೆಯ ಮುಂದೆ ಚಪ್ಪಲಿಗಳ ರಾಶಿ. ನೆಂಟರು ಆಗಲೇ ಸೇರಿದ್ದರು. ನಾನು ಎಂದಿನಂತೆ ರಾಶಿಯಿಂದ ದೂರ, ಮೂಲೆಗೆ ಹೋಗಿ ಬಗ್ಗಿದೆ. ಹೊಸ್ತಿಲಲ್ಲಿದ್ದ ರಾಘು ನನ್ನ ಕಾಲು ನೋಡಿ, 'ಅಣ್ಣ, ಇದು ಯಾವಾಗ ತಗೊಂಡ್ರಿ? ಸೈಜ್ ದೊಡ್ಡದಾಯ್ತು' ಎಂದ.

ನಾನೂ ನೋಡಿಕೊಂಡೆ. ಕಂದು ಬಣ್ಣದ ಸ್ಯಾಂಡಲ್. ಹಿಮ್ಮಡಿಯ ಹಿಂದೆ ಇನ್ನೊಂದು ಹಿಮ್ಮಡಿಗೆ ಜಾಗವಿತ್ತು. ಅಷ್ಟು ದೂರ ಕಾರು ಓಡಿಸಿದರೂ ನನಗೆ ತಿಳಿದಿರಲಿಲ್ಲ.

ದೊಡ್ಡಮ್ಮ ಬಾಗಿಲ ಕಂಬ ಹಿಡಿದುಕೊಂಡು ನಕ್ಕರು. ಒಳಗಿನವರೆಲ್ಲ ಹೊರಗೆ ಬಂದು ನೋಡುವಷ್ಟು ನಕ್ಕರು. ನನಗೆ ಮಾತ್ರ ಜೀವ ಹಿಡಿಯಾಯಿತು. ತೀರಿಹೋದ ಗಂಡನ ಚಪ್ಪಲಿ, ಆ ಮನೆಗೆ ಅದೇ ಕಾವಲು. ತಕ್ಷಣ ಫೋನು ಮಾಡಿ ಮಾರ್ಗರೆಟ್‌ಗೆ ಕ್ಷಮೆ ಕೇಳಿದೆ. 'ಅವಸರವಿಲ್ಲ, ವಾಪಸು ಹೋಗುವಾಗ ತನ್ನಿ. ಅಲ್ಲಿಯವರೆಗೆ ಸೋಲಾರಿನವರಿಗೆ ನಿಮ್ಮದೇ ಸಾಕು' ಎಂದರು. ದೊಡ್ಡಮ್ಮನಿಗೂ ಹೇಳಿದೆ. 'ಹೋಗಿ ಬದಲಾಯಿಸಿ ಬಾ' ಎಂದರು, ಥೇಟ್ ಅಜ್ಜಿಯ ದನಿಯಲ್ಲಿ.

ಒಕ್ಕಲು ಮುಗಿಸಿ, ದೊಡ್ಡಮ್ಮನನ್ನು ರಾಘುವಿನ ಮನೆಯಲ್ಲೇ ಬಿಟ್ಟು ಸಿಡ್ನಿಗೆ ಹಿಂದಿರುಗುವಾಗ ಆ ದಾರಿಯಲ್ಲೇ ಬಂದೆ. ಹೆಂಡತಿ ಕಾರಿನಲ್ಲೇ ಕೂತಿದ್ದಳು, ಇಂಥ ಕೆಲಸಕ್ಕೆ ಜೊತೆ ಬರಲಾರೆ ಎಂದಿದ್ದಳು. ಕೈಯಲ್ಲಿ ಆ ಸ್ಯಾಂಡಲ್ ಹಿಡಿದು, ಬರಿಗಾಲಿನಲ್ಲಿ, ರಜೆಯ ದಿನಗಳ ಅದೇ ಹುಡುಗನ ಹಾಗೆ ಜಗಲಿ ಹತ್ತಿದೆ. ಬಾಗಿಲಿಗೆ ಈಗ ಒಂದು ಇಟ್ಟಿಗೆ ಇಟ್ಟಿದ್ದರು. ಮರದ ಮೇಲೆ ಕೂಕಬುರ್‍ರಾ ಕೂತು ನಗುತ್ತಿತ್ತು. ಒಳಗೆ ಮಾರ್ಗರೆಟ್ ಯಾರೊಡನೆಯೋ ಫೋನಿನಲ್ಲಿದ್ದವರು ಕಿಟಕಿಯಿಂದ ನನ್ನನ್ನು ನೋಡಿ, 'ಆಮೇಲೆ ಮಾತಾಡ್ತೇನೆ, ನಮ್ಮ ಅಡುಗೆಯವರ ಮೊಮ್ಮಗ ಬಂದಿದ್ದಾರೆ' ಎಂದದ್ದು ನನಗೆ ಕೇಳಿಸಿತು.

ಬೊಂಬಾಯಿ ಪಕ್ಷವನ್ನು ನಾನು ಆ ಜಗಲಿಯ ಮೇಲೆಯೇ ವಿಸರ್ಜಿಸಿದೆ.